ಕಪ್ಪು ಜರ್ದಾಳು

ಬಿಷ್ಕೆಕ್
ಅಕ್ಟೋಬರ್ ೯

ಪ್ರೀತಿಯ ಅಮ್ಮನಿಗೆ ಬುರುಲ್ ಮಾಡುವ ಸಲಾಮು.

ನೀನು, ತಮ್ಮ ತಿಲೆಕ್, ಕೊಟ್ಟಿಗೆಯ ಕುರಿಗಳು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಬೇಸಿಗೆಯಿಡೀ ಬರೆಯಲಿಲ್ಲ, ಸಿಟ್ಟಾಗಬೇಡ. ಫೋನಿನಲ್ಲಿ ಹೇಳೋಣವೆಂದರೆ ಇಲ್ಲಿ ಅತ್ತೆ ಪಕ್ಕದಲ್ಲೇ ಇರುತ್ತಾರೆ, ಅಲ್ಲಿ ನೀನು ಇಡೀ ಓಣಿಗೆ ಕೇಳುವಷ್ಟು ಜೋರಾಗಿ ಇಟ್ಟಿರುತ್ತೀಯ. ನಮ್ಮ ಬಾತ್ಕೆನ್ ಕಡೆ ಹೊರಟಿರುವ ಟ್ಯಾಕ್ಸಿಯ ಝುಮಾಬಾಯ್ ಅಣ್ಣ ಅಂಗಳದಲ್ಲಿ ಚಹಾ ಕುಡಿಯುತ್ತಿದ್ದಾನೆ. ಅವನ ಕೈಯಲ್ಲೇ ಈ ಕಾಗದ ಕೊಡುತ್ತೇನೆ.

ಮೊದಲು ಒಳ್ಳೆಯ ಸುದ್ದಿ. ನಿನ್ನ ಮೊಮ್ಮಗ ಎರ್ಬೋಲ್‌ಗೆ ಈಗ ಉಬ್ಬಸ ಇಲ್ಲ. ನಿನ್ನೆ ನಾಯಿಮರಿಯ ಹಿಂದೆ ಬೀದಿಯುದ್ದ ಓಡಿ ಬಂದು ನಕ್ಕ. ಹಿಡಿದು ನಿಲ್ಲಿಸಿ ಎದೆಗೆ ಕಿವಿಯಿಟ್ಟೆ. ಸಿಳ್ಳೆಯ ಸದ್ದು ಇರಲಿಲ್ಲ.

ಎಷ್ಟು ಹೆದರಿದ್ದೆವೆಂದು ನಿನಗೆ ಹೇಳಿರಲಿಲ್ಲ. ಬೆಳಗಾದರೆ ಮಗುವಿನ ಪಕ್ಕೆಗಳು ಒಳಕ್ಕೆ ಸೆಳೆದುಕೊಳ್ಳುತ್ತಿದ್ದವು, ತುಟಿ ನೀಲಿಯಾಗುತ್ತಿತ್ತು. ಡಾಕ್ಟರಮ್ಮ ಸೇದುವ ಔಷಧ ಕೊಟ್ಟು, ಧೂಳು ನೋಡಿಕೊಳ್ಳಿ, ತಿನ್ನುವುದನ್ನೂ ನೋಡಿಕೊಳ್ಳಿ ಎಂದರು. ಮದುವೆಗೆ ನೀನು ಹೊಲಿದುಕೊಟ್ಟ ಉಣ್ಣೆಯ ಹಾಸು ಹೊರಗೆ ಹೋಯಿತು. ಬೆಕ್ಕು ನಾದಿನಿಯ ಮನೆ ಸೇರಿತು. ನಿನ್ನ ಅಳಿಯ ಸೂಯುನ್ ಸೂಪರ್ ಮಾರ್ಕೆಟ್ಟಿನಿಂದ ತಂದ ಪೊಟ್ಟಣಗಳನ್ನೆಲ್ಲ ತಿರುಗಿಸಿ ಓದತೊಡಗಿದರು. ಸಾಸೇಜಿನಲ್ಲಿ ಬಣ್ಣವಂತೆ. ಹಣ್ಣಿನ ರಸದಲ್ಲಿ ಹಣ್ಣೊಂದನ್ನು ಬಿಟ್ಟು ಉಳಿದದ್ದೆಲ್ಲ ಇದೆಯಂತೆ. "ಉಪ್ಪೊಂದೇ ಉಳಿದಿತ್ತು, ಅದರ ಹಿಂದುಗಡೆನೂ ಏನೋ ಬರ್ದಿದಾರೆ" ಎಂದು ಅವರು ಹೇಳಿದಾಗ ಅಷ್ಟು ಸಂಕಟದಲ್ಲೂ ನಗು ಬಂತು.

ಅತ್ತೆ ಮಾತ್ರ ನಗಲಿಲ್ಲ. ತಾನಂತೂ ಮಗುವಿಗೆ ದೇವರು ಕೊಟ್ಟ ಹಣ್ಣನ್ನೇ ಕೊಡುವುದು ಎಂದರು. ಅವರಿಗೆ ಮೊಮ್ಮಗನೆಂದರೆ ಪ್ರಾಣ. ಕೆಮ್ಮಿಗೆ ಒಳ್ಳೆಯದೆಂದು ಒಣ ಜರ್ದಾಳು ನೆನೆಹಾಕಿ, ಬೆಳಿಗ್ಗೆ ಆ ನೀರನ್ನು ತಾವೇ ಕುಡಿಸುತ್ತಿದ್ದರು. ಕೆಮ್ಮು ಹೆಚ್ಚಾದರೆ ಹಣ್ಣನ್ನೂ ಹೆಚ್ಚು ಹಾಕುತ್ತಿದ್ದರು. ಅದೂ ದೊಡ್ಡ ಅಂಗಡಿಯದು, ಕಿತ್ತಳೆ ಬಣ್ಣಕ್ಕೆ ಹೊಳೆಯುವಂಥದು. ನೀನು ಕಳಿಸುವ ಕಪ್ಪು ಸುಕ್ಕು ಹಣ್ಣನ್ನು ಊಟದ ಬಟ್ಟೆ ದಸ್ತರ್ಖಾನ್ ಹಾಸಿ ನೆಂಟರ ಮುಂದೆ ಇಡಲು ಅವರಿಗೆ ನಾಚಿಕೆ.

ಕಳೆದ ತಿಂಗಳು ಅತ್ತೆ ತಲಾಸ್‌ಗೆ ತಂಗಿಯ ಮನೆಯ ಮದುವೆಗೆ ಹೋದರು. ಅವರು ಇಲ್ಲದಷ್ಟು ದಿನವೂ ಮಗು ಚೆನ್ನಾಗಿತ್ತು. ಅವರ ಕಣ್ಣೇ ತಾಗುತ್ತಿದೆಯೋ ಏನೋ ಎಂಬ ಕೆಟ್ಟ ಯೋಚನೆಯೂ ನನಗೆ ಬಂತು. ಅವರು ಬಂದ ಮರುದಿನ ಬೆಳಿಗ್ಗೆ, ಕುಡಿದ ಬಟ್ಟಲು ಕೆಳಗಿಡುವುದರೊಳಗೆ ಉಬ್ಬಸ ಶುರುವಾಯಿತು. ಬಟ್ಟಲನ್ನು ಮೂಸಿ ನೋಡಿದೆ. ಅಮ್ಮ, ಅದು ನಮ್ಮ ಹಿತ್ತಲಿನ ವಾಸನೆ. ಹಣ್ಣಿನ ಬಣ್ಣ ಉಳಿಯಲೆಂದು ಪ್ಲಾಸ್ಟಿಕ್ ಗುಡಾರದೊಳಗೆ ಗಂಧಕ ಸುಡುತ್ತೇವಲ್ಲ, ಅದೇ. ತೊಳೆದರೆ ಹೋಗುತ್ತದೆ ಎಂದು ಹಣ್ಣು ಕೊಳ್ಳುವ ವ್ಯಾಪಾರಿ ಹೇಳಿದ್ದನ್ನು ನಾವೆಲ್ಲ ನಂಬಿದ್ದೆವು. ಚೆಂದದ ಪೊಟ್ಟಣದೊಳಗೆ ಕೂತ ಮೇಲೆ ನಮ್ಮ ಹಣ್ಣಿನ ಗುರುತು ನನಗೇ ಸಿಗಲಿಲ್ಲ. ಸೂಯುನ್ ಪೊಟ್ಟಣದ ಹಿಂಬದಿ ಓದಿದರು. ಗಂಧಕ ಎಂಬ ಮಾತೇ ಇರಲಿಲ್ಲ, ಒಂದು ಅಕ್ಷರ, ಪಕ್ಕದಲ್ಲಿ ಅಂಕಿ, ಅಷ್ಟೇ. ಡಾಕ್ಟರಮ್ಮನಿಗೆ ತೋರಿಸಿದಾಗ ಅದೇ ಗಂಧಕ, ಕೂಡಲೇ ನಿಲ್ಲಿಸಿ ಎಂದರು.

ನಿಲ್ಲಿಸುವುದು ಹೇಗೆ? ಸೊಸೆಯಾದವಳು ಹಿರಿಯರ ಕೈಯಿಂದ ಬಟ್ಟಲು ಕಿತ್ತುಕೊಳ್ಳುವುದುಂಟೆ? ತಾನು ಹೇಳುತ್ತೇನೆಂದ ಸೂಯುನ್ ಹೇಳದೆ ಕೆಲಸಕ್ಕೆ ಹೋದರು. ಅತ್ತೆ ಬಟ್ಟಲು ಹಿಡಿದು ಬಂದಾಗ ಮಗುವಿಗೆ ಅಡ್ಡ ನಿಂತೆ.

"ಅತ್ತೆ, ಅದರಲ್ಲಿ ಗಂಧಕ ಇದೆ. ನಮ್ಮೂರಲ್ಲಿ ನಾವೇ ಹಾಕೋದು."

"ನಿಮ್ಮಮ್ಮ ಕಳಿಸ್ತಿದ್ದ ಕಪ್ಪು ಹಣ್ಣಿಗೂ?"

"ಅದಕ್ಕಿಲ್ಲ. ಮನೆಯವರಿಗೆ ಅಂತ ಬರೀ ಬಿಸಿಲಲ್ಲಿ ಒಣಗಿಸ್ತಾಳೆ."

ಅತ್ತೆ ಬಟ್ಟಲನ್ನು ಹಿಡಿದುಕೊಂಡೇ ಕೂತುಬಿಟ್ಟರು. "ಕೊಳೆತಿದೆ ಅಂತ ಅದನ್ನ ಪಕ್ಕದ್ಮನೆ ಕುರಿಗೆ ಹಾಕ್ಬಿಟ್ಟೆ ಕಣೇ" ಎಂದರು. "ಕುರಿ ಚೆನ್ನಾಗೇ ಉಸಿರಾಡ್ತಿದೆ."

ಈಗ ಅವರೇ ಬರೆಯಿಸುತ್ತಿದ್ದಾರೆ, ಕಪ್ಪು ಜರ್ದಾಳು ಒಂದು ಚೀಲ ಕಳಿಸಬೇಕಂತೆ. ನೆಂಟರ ಮುಂದೆ ಅದನ್ನೇ ಇಡುತ್ತಾರಂತೆ, ಬೀಗಿತ್ತಿ ಒಣಗಿಸಿದ್ದು ಎಂದು ಹೇಳಿಯೇ ಇಡುತ್ತಾರಂತೆ.

ನಾಳೆ ರೊಟ್ಟಿ ಮುರಿಯುವಾಗ ಅಂಗೈಗಳನ್ನೆತ್ತಿ ಎರ್ಬೋಲ್‌ನನ್ನು ಹರಸು. ನಿನ್ನ ಒಲೆ ಆರದಿರಲಿ, ನಿನ್ನ ನೆರಳು ನಮ್ಮ ಮೇಲೆ ಬಹುಕಾಲ ಇರಲಿ.

ನಿನ್ನ ಮಗಳು
ಬುರುಲ್

ಇನ್ನೊಂದು ಮಾತು, ಬರೆಯಲಾಗದೆ ಕೊನೆಗೆ ಉಳಿಸಿಕೊಂಡದ್ದು. ಹೋದ ವಾರ ಫೋನಿನಲ್ಲಿ ನೀನು ಕೆಮ್ಮಿದೆ. ಒಲೆಯ ಹೊಗೆ ಅಂದೆ. ಅಪ್ಪನೂ ಸಾಯುವವರೆಗೆ ಅದನ್ನೇ ಹೇಳುತ್ತಿದ್ದ, ಬಾಯಿಗೆ ಬಟ್ಟೆ ಕಟ್ಟಿಕೊಂಡು ಗಂಧಕ ಹೊತ್ತಿಸಲು ಗುಡಾರದೊಳಗೆ ಹೋಗುತ್ತಿದ್ದವನು ಅವನೇ. ತಿಲೆಕ್ ಶಾಲೆಗೆ ಹೋಗುತ್ತಾನೆ. ಹಾಗಾದರೆ ಈಗ ಒಳಗೆ ಹೋಗುವವರು ಯಾರು? ಆ ಸಿಳ್ಳೆಯ ಸದ್ದು ನನಗೆ ಚೆನ್ನಾಗಿ ಗೊತ್ತು, ಅಮ್ಮ. ಆವತ್ತು ಪಕ್ಕದಲ್ಲಿದ್ದ ಅತ್ತೆಗೂ ಅದು ಕೇಳಿಸಿತು, ಕೈಯಲ್ಲಿದ್ದ ಚಹಾವನ್ನು ಕೆಳಗಿಟ್ಟರು. ಮುಂದಿನ ಸುಗ್ಗಿಗೆ ವ್ಯಾಪಾರಿ ಕೊಳ್ಳದಿದ್ದರೂ ಚಿಂತೆಯಿಲ್ಲ. ಹಣ್ಣೆಲ್ಲ ಕಪ್ಪಗಾಗಲಿ, ಬಿಡು.