ಅಳದ ಕೂಸು

ಅವ್ವಾ,

ನೀನು ಹೋದ ಮೇಲೂ ನಿನ್ನ ಮೇಲಿನ ಸಿಟ್ಟು ಇಳಿಯದ ಮಗಳು ಬರೆಯುತ್ತಿದ್ದೇನೆ. ನಿನಗೆ ಮೊಮ್ಮಗಳು ಹುಟ್ಟಿದ್ದಾಳೆ. ಬಾಣಂತನಕ್ಕೆ ನೀನಿಲ್ಲ, ಧಾರವಾಡದಿಂದ ಶಾಂತತ್ತಿ ಬಂದಿದ್ದಾಳೆ. ಅದೇ, ಅಪ್ಪನ ಅಕ್ಕ, ನಾನು ಹುಟ್ಟಿದಾಗ ನಿನ್ನ ಬಾಣಂತನ ಮಾಡಿದವಳು. ಮರಾಠಿ ಸೀಮೆಯ ಹಡಪಸರದ ಈ ಫ್ಲಾಟಿನಲ್ಲಿ ಲೋಬಾನದ ಹೊಗೆ ಹಾಕಿ ಪಕ್ಕದ ಮನೆಯವರಿಂದ ಆಗಲೇ ಬೈಸಿಕೊಂಡಿದ್ದಾಳೆ.

ನನಗೆ ನೆನಪಿರುವುದು ನಿನ್ನ ಬೆನ್ನು. ನಾನು ಬಿದ್ದು ಮೊಣಕಾಲು ತರಚಿಕೊಂಡು ಓಡಿ ಬಂದರೆ ನೀನು ಎತ್ತಿಕೊಳ್ಳುತ್ತಿದ್ದೆ. ನಿನ್ನ ಕಣ್ಣು ತುಂಬಿತೋ, ತಟ್ಟನೆ ಇಳಿಸಿ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಹೊರಗೆ ನಾನು. ಬಾಗಿಲು ಬಡಿಯುತ್ತಲೂ ಇರಲಿಲ್ಲ. ಎಂಥಾ ತಾಯಿ ಇವಳು ಎಂದು ದೊಡ್ಡವಳಾದ ಮೇಲೆ ಎಷ್ಟು ಬೈದುಕೊಂಡೆ! ಈಗಲೂ ಕುಕ್ಕರ್ ಸೀಟಿ ಹೊಡೆದರೆ ನನ್ನ ಎದೆ ಡವಡವ ಹೊಡೆದುಕೊಳ್ಳುತ್ತದೆ. ಆಫೀಸಿನಲ್ಲಿ ಯಾರಾದರೂ ದನಿ ಏರಿಸಿದರೆ ಎದ್ದು ಹೊರಗೆ ಹೋಗಿಬಿಡುತ್ತೇನೆ. ನಿನಗೆ ಗೊತ್ತಿತ್ತೇನು ಇದು?

ಹೋದ ವಾರ ಮಗುವಿಗೆ ಹಾಲು ಕುಡಿಸುತ್ತಿದ್ದೆ. ಕಾರಣವೇ ಇಲ್ಲದೆ ಅಳು ಬಂತು. ಹೆತ್ತಾಗಿನಿಂದ ಹೀಗೇ, ಅವ್ವಾ. ಅವಳ ಮುಖ ನೋಡಿದರೆ ಏನೂ ಅನ್ನಿಸುವುದಿಲ್ಲ, ಸುಮ್ಮನೆ ಕಣ್ಣೀರು ಸುರಿಯುತ್ತದೆ. ಅತ್ತಿ ಗಾಬರಿಯಾಗಿ ಓಡಿಬಂದಳು.

"ಕೂಸಿನ್ನ ಕೆಳಗಿಡು ಮೊದಲ! ಅಳಕೋತ ಕುಡಿಸಿದ್ರ ಹಾಲು ವಿಷ ಆಗ್ತದ. ನಿಮ್ಮವ್ವಗೂ ಇದನ್ನ ಹೇಳಿದ್ದೆ. ದಿನಾ ಅಳತಿದ್ಲು ಖರೆ, ಆದ್ರ ಮಾತು ಕೇಳಿದ್ಲು ನೋಡು. ಕಣ್ಣೀರು ಬಂದ್ರ ಸಾಕು, ನಿನ್ನ ತೊಟ್ಟಿಲದಾಗ ಇಟ್ಟು ಒಳಗ ಹೋಗ್ತಿದ್ಲು."

"ಆಗ ನಾನು?"

"ಮೊದಮೊದಲು ಭಾಳ ಅಳತಿದ್ದಿ. ಆಮ್ಯಾಲ ಅಳೋದ ಬಿಟ್ಟಿ. ಭಾಳ ಶಾಣ್ಯಾ ಕೂಸಿದ್ದಿ, ಜಾಣಿ."

ಅಯ್ಯೋ ಅವ್ವಾ! ನನ್ನನ್ನು ಉಳಿಸಲೆಂದು ಇಳಿಸುತ್ತಿದ್ದೆಯಾ? ನಿನ್ನ ಕಣ್ಣೀರೇ ವಿಷವೆಂದು ನಂಬಿ, ನಾನು ಹಾಲು ಬಿಟ್ಟು ಎಷ್ಟೋ ವರ್ಷದ ಮೇಲೂ... ನೀನು ಯಾಕೆ ಅಳುತ್ತೀ ಎಂದು ಆ ಮನೆಯಲ್ಲಿ ಒಬ್ಬರಾದರೂ ಕೇಳಬಾರದಿತ್ತೇ?

ಮರುದಿನ ಡಾಕ್ಟರ ಮುಂದೆ ಎಲ್ಲ ಹೇಳಿಕೊಂಡೆ. "ಘಾಬರೂ ನಕಾ," ಹೆದರಬೇಡಿ ಎಂದು ಆಕೆ ಮರಾಠಿಯಲ್ಲೇ ಬಿಡಿಸಿ ಹೇಳಿದಳು. ಇದು ಬಾಣಂತಿಯರಿಗೆ ಬರುವ ಮನಸ್ಸಿನ ಕಾಯಿಲೆ, ಹಾಲು ಕುಡಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧವಿದೆ. ಅತ್ತರೆ ಹಾಲು ವಿಷವಾಗುವುದಿಲ್ಲ. ಎಳೆಗೂಸಿಗೆ ತನ್ನನ್ನು ತಾನು ಸಮಾಧಾನ ಮಾಡಿಕೊಳ್ಳಲು ಬಾರದು. ಎತ್ತಿಕೊಂಡವರ ಮೈಯಿಂದ ಅದರ ಮೈ ಕಲಿಯುತ್ತದೆ. ಕರೆದು ಕರೆದು ಯಾರೂ ಬಾರದಿದ್ದರೆ ಕೂಸು ಸುಮ್ಮನಾದಂತೆ ಕಂಡರೂ ಒಳಗೆ ಹೆದರಿಕೆಯ ಹಾರ್ಮೋನು ಇಳಿಯದೇ ಉಳಿಯಬಹುದು, ಬೆಳೆಯುವ ಮಿದುಳು ಅದಕ್ಕೇ ಒಗ್ಗಿಹೋಗಬಹುದು. ನನ್ನ ಡವಡವಕ್ಕೆ ಅದೇ ಕಾರಣವೆಂದು ಯಾರೂ ಆಣೆ ಮಾಡಿ ಹೇಳಲಾರರಂತೆ. ನನಗೆ ಮಾತ್ರ ಆ ಬಚ್ಚಲ ಬಾಗಿಲೇ ಕಣ್ಣಿಗೆ ಕಟ್ಟಿತು. ನಿನಗೂ ಇಂಥ ಒಬ್ಬಳು ಸಿಕ್ಕಿದ್ದರೆ...

ಮನೆಗೆ ಬಂದು ಅತ್ತಿಗೆ ಹೇಳಿದೆ. ಜಗಳಕ್ಕೆ ಬರುತ್ತಾಳೆ ಅಂದುಕೊಂಡಿದ್ದೆ. ಕೂಸಿನ ಕುಂಚಿಗೆಯನ್ನು ಮಡಿಸುತ್ತಾ ಬಿಚ್ಚುತ್ತಾ ಕೂತಳು. "ಹಂಗಾರ ನಾ ಆಕಿಗೆ..." ಎಂದಳು. ಅವಳ ಮೇಲಾದರೂ ಹೇಗೆ ಸಿಟ್ಟು ಮಾಡಲಿ? ಅವಳಿಗೂ ಯಾರೋ ಹೇಳಿಕೊಟ್ಟದ್ದೇ.

ಔಷಧ ಶುರುವಾಗಿದೆ, ಅಳು ಇನ್ನೂ ನಿಂತಿಲ್ಲ. ಇವತ್ತು ಬೆಳಗ್ಗೆಯೂ ಬಂತು. ನಾನು ಕೂಸನ್ನು ಇಳಿಸಲಿಲ್ಲ, ಅಳುತ್ತಲೇ ಕುಡಿಸಿದೆ. ಅತ್ತಿ ನನ್ನ ಬೆನ್ನಿಗೆ ದಿಂಬು ಕೊಟ್ಟಳು. ನಿನ್ನ ಬೆನ್ನಿಗೆ ಯಾರೂ ಕೊಟ್ಟಿರಲಿಲ್ಲ.

ನಿನ್ನ ಮೊಮ್ಮಗಳು ನನ್ನಂತೆ ಶಾಣ್ಯಾ ಕೂಸಲ್ಲ, ಅವ್ವಾ. ತೊಟ್ಟಿಲಲ್ಲಿ ಇಟ್ಟರೆ ಸಾಕು, ಇಡೀ ಬಿಲ್ಡಿಂಗಿಗೆ ಕೇಳುವಂತೆ ಚೀರುತ್ತಾಳೆ. ಚೀರಲಿ. ಕರೆದರೆ ಯಾರಾದರೂ ಬರುತ್ತಾರೆಂದು ಅವಳಿಗೆ ಇನ್ನೂ ನಂಬಿಕೆಯಿದೆ.