ಹಸಿರು ಗೆರೆಯ ಕಲ್ಲು

ಮಾರ್ಚ್ ೧೨, ಗುರುವಾರ.

ಮೊಮ್ಮಗಳು ಕುಯ್ಯಲು ಕೊಟ್ಟ ಕಲ್ಲನ್ನು ಇವತ್ತು ನಾನೇ ಹಾಳು ಮಾಡಿದೆ. ಸಮುದ್ರದ ತಳ ಕೊರೆದು ತೆಗೆದದ್ದು, ಅವಳ ಬಳಿ ಇದ್ದದ್ದೇ ಎರಡು ತುಂಡು. ಬಿಸಿನೀರು ಬಿರುಕಿಗೆ ನುಗ್ಗಿ ಕರಿಕಲ್ಲಿನೊಳಗೆ ಹಸಿರು ಜೇಡಿಮಣ್ಣಿನ ಗೆರೆ ಬೆಳೆಸಿದೆಯಂತೆ; ಅವಳ ಓದೆಲ್ಲ ಆ ಗೆರೆಯ ಮೇಲೆ ನಿಂತಿದೆ.

"ತಾತಾ, ನೀರು ಬೇಡ, ಎಣ್ಣೆ ಹಾಕಿ ಕುಯ್ಯಿ" ಅಂದಿದ್ದಳು.

"ನಲವತ್ತು ವರ್ಷ ಕಲ್ಲು ಕುಯ್ದವನಿಗೆ ಹೇಳ್ಕೊಡ್ತೀಯೇನೇ?" ಎಂದು ಗದರಿ ಗರಗಸಕ್ಕೆ ನೀರೇ ಬಿಟ್ಟೆ. ಗೆರೆ ಉಬ್ಬಿ, ಕೆಸರಾಗಿ ಹರಿದುಹೋಯಿತು.

ಅವಳು ಅಳಲಿಲ್ಲ. ಉಳಿದ ತುಂಡನ್ನೂ ನನ್ನ ಕೈಗೇ ಇಟ್ಟಳು. "ಇದಕ್ಕಾದ್ರೂ ಎಣ್ಣೆ ಹಾಕು. ಹಾಗೇ ನಿನ್ನ ತಲೆಗೂ ಒಂಚೂರು ತಟ್ಕೋ, ತಣ್ಣಗಾಗ್ಲಿ."

ಗರಗಸದ ತೊಟ್ಟಿಯ ನೀರನ್ನೆಲ್ಲ ಚೆಲ್ಲಿ, ಒರೆಸಿ, ಎಣ್ಣೆ ತುಂಬಿಸಿ ಬಂದಿದ್ದೇನೆ. ಬೆಳಿಗ್ಗೆ ಅವಳು ಪಕ್ಕದಲ್ಲಿ ನಿಂತು ಏನೇ ಹೇಳಿದರೂ ಬೈಯಬಾರದು. ಬೈದರೂ ಮೆಲ್ಲಗೆ...