ಸಹಿ ಹಾಕಿದ ಮೇಲೆ ಬಂದ ಆಮೋಸ್

ಏಪ್ರಿಲ್ 9, ಬುಧವಾರ ರಾತ್ರಿ

ಆಮೋಸ್‌ಗೆ ನಿಜ ಹೇಳಬೇಕಿತ್ತೋ ಏನೋ.

ಬೆಳಿಗ್ಗೆ ಆ ದೊಡ್ಡ ವಿಶ್ವವಿದ್ಯಾಲಯದವರು ನಮ್ಮಲ್ಲಿಗೆ ಕೋಚ್ ಆಗಿ ಬನ್ನಿ ಅಂತ ಮೂರನೇ ಸಲ ಫೋನ್ ಮಾಡಿದರು. ಅಯೋವಾದ ಮೂಲೆಯ ನಮ್ಮ ಸಣ್ಣ ಕಾಲೇಜು ರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಟೂರ್ನಿಯಲ್ಲಿ ಎರಡು ಪಂದ್ಯ ಗೆದ್ದಿದ್ದೇ ತಡ, ಕೋಚ್ ಆದ ನನ್ನ ಮೇಲೆ ಎಲ್ಲರ ಕಣ್ಣು. ಬರೋದಿಲ್ಲ ಅಂದುಬಿಟ್ಟೆ. ತಂಡದ ಮುಖ್ಯ ಆಟಗಾರ ಆಮೋಸ್ ಇನ್ನೊಂದು ವರ್ಷ ಇಲ್ಲೇ ಆಡಿದರೆ, ಈ ಸಲದ್ದು ಬರೀ ಅದೃಷ್ಟ ಅಂದವರ ಬಾಯಿ ಮುಚ್ಚಿಸಬಹುದು ಅನ್ನೋ ಹಟ ನನಗೆ.

ಸಂಜೆ ಅವನೇ ಜಿಮ್‌ಗೆ ಬಂದ. ಕೂರು ಅಂದರೂ ಕೂರಲಿಲ್ಲ.

"ಕೋಚ್, ನಾನು ಬೇರೆ ಕಾಲೇಜು ಸೇರ್ತಿದೀನಿ. ನಿನ್ನೆ ಸಹಿ ಹಾಕ್ಬಿಟ್ಟೆ."

"ನನ್ನನ್ನ ಒಂದ್ಮಾತು ಕೇಳ್ಬಾರ್ದಿತ್ತಾ?"

"ನೀವೇ ಹೊರಟಿದೀರಂತೆ, ಊರೆಲ್ಲ ಅದೇ ಮಾತು. ನೀವಿಲ್ದೆ ನಾನಿಲ್ಲಿ ಏನ್ ಮಾಡ್ಲಿ?"

ಹೋಗೋದಿಲ್ಲ ಅಂತ ಹೇಳಿಯಾಯ್ತು ಕಣೋ ಅನ್ನೋ ಮಾತು ನಾಲಿಗೆ ತುದಿಗೆ ಬಂತು. ನುಂಗಿಕೊಂಡೆ. ಸಹಿಯಂತೂ ಬಿದ್ದಾಗಿತ್ತು; ಹೇಳಿದ್ದರೆ, ತನಗಾಗಿ ಉಳಿದ ಕೋಚ್‌ನ ಬಿಟ್ಟು ಬಂದೆ ಅನ್ನೋ ಭಾರ ಹೊತ್ತುಕೊಂಡೇ ಅವನು ಹೋಗಬೇಕಿತ್ತು.

"ಅಲ್ಲಿ ಮೊದಮೊದಲು ಆಡಿಸದೆ ಬೆಂಚ್ ಮೇಲೆ ಕೂರಿಸ್ತಾರೆ. ಸಿಟ್ಟು ಮಾಡ್ಕೋಬೇಡ," ಅಂದೆ.

"ಹೂಂ ಕೋಚ್. ನೀವು ಹೋಗೋ ಕಡೆ ನನ್ನಂಥೋನು ಸಿಗೋಲ್ಲ ಬಿಡಿ," ಅಂತ ನಗಲು ನೋಡಿದ.

ನಾನು ಇಲ್ಲೇ ಉಳಿಯುವ ಸುದ್ದಿ ನಾಳೆ ಪತ್ರಿಕೆಯಲ್ಲಿ ಬರುತ್ತೆ. ಓದಿದ ತಕ್ಷಣ ಫೋನ್ ಮಾಡ್ತಾನೆ. ಏನು ಹೇಳಲಿ? ಹೊರಡುವಾಗ ಕೈ ಕೊಟ್ಟವನು ತುಂಬ ಹೊತ್ತು ಬಿಡಲೇ ಇಲ್ಲ. ಅಥವಾ ನಾನೇ ಬಿಡಲಿಲ್ಲವೋ ಏನೋ.